ಕಥೆಗಾರರಿಗೆ ಗುರುವಾದ ಕಥೆಗಾರ: ಆಂಟನ್ ಚೆಕಾವನ ಜೀವನ

ಕಥೆ ಬರೆಯುವವರಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಪತ್ರಿಕಾ ಕಾರ್ಯಾಲಯದಲ್ಲಿ ಕುಳಿತವರಿಗೆ ಈ ಸಂಗತಿಯು ಉಳಿದವರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಬಂದ ಕಥೆಗಳಲ್ಲಿ ಬಹುಭಾಗವನ್ನು ಹಿಂದಕ್ಕೆ ಕಳುಹಿಸಬೇಕಾಗುತ್ತದೆ, ಏತಕ್ಕೆ ಕಳುಹಿಸಿದೆವೆಂಬುದನ್ನು ಬರೆಯಲು ಪುರಸತ್ತು ದೊರೆಯುವುದಿಲ್ಲ, ಬರೆದವರು ನೊಂದುಕೊಳ್ಳುತ್ತಾರೆ. ಈ ನೋವಿಗೆ ಕಾರಣರಾದವರು ಒಬ್ಬರೇ ಅಲ್ಲ. ತರುಣನು ತಾನು ಬರೆದದ್ದನ್ನು ಎರಡನೆಯ ಸಲ ಓದಿ ನೋಡುವ ತಾಳ್ಮೆಯನ್ನು ತೋರುವುದಿಲ್ಲ. ಅವನ ಮಿತ್ರರು ಮುಖಸ್ತುತಿಯಿಂದ ಅವನನ್ನು ಕೆಡಿಸುತ್ತಾರೆ. ಹಿರಿಯ ಸಾಹಿತಿಗಳು ಹಸ್ತಪ್ರತಿಯನ್ನು ಕಂಡೊಡನೆ ಕೆಲಸದ ನೆಪ ಹೇಳಿ ಪಾರಾಗುತ್ತಾರೆ. ಸಂಪಾದಕರಾದ ನಾವೂ ಈ ದೋಷದಿಂದ ಮುಕ್ತರಲ್ಲ. ಇಂದು ಬರೆದದ್ದು ಇಂದೇ ಸಾವಿರಾರು ಜನರ ಕಣ್ಣಿಗೆ ಬೀಳುವ ಅನುಕೂಲವಿರುವ ಈ ಕಾಲದಲ್ಲಂತೂ, ಬರೆಯುವುದಕ್ಕೂ ಪ್ರಕಟಿಸುವುದಕ್ಕೂ ನಡುವೆ ಇರತಕ್ಕ ಅಂತರವೇ ಅಳಿಸಿಹೋದಂತಾಗಿದೆ. ಆ ಅಂತರದಲ್ಲಿಯೇ ಕಥೆಯು ಕಥೆಯಾಗುತ್ತದೆಂಬುದು ನಮ್ಮ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ರಶಿಯಾದ ಆಂಟನ್ ಚೆಕಾವನ ಜೀವನಕ್ಕಿಂತ ಒಳ್ಳೆಯ ಸಾಕ್ಷಿಯು ದೊರೆಯಲಾರದು. ಆತನ ಕಥೆಗಳು ಕನ್ನಡಕ್ಕೂ ಬಂದಿವೆ. ಆತನ ಹೆಸರನ್ನು ಕೇಳದ ಕಥೆಗಾರರು ನಮ್ಮಲ್ಲಿ ವಿರಳ. ಆದರೆ ಆತನು ಹೇಗೆ ಬರೆಯಲು ಕಲಿತನು, ಕಲಿತದ್ದನ್ನು ಇತರರಿಗೆ ಹೇಗೆ ಹಂಚಿದನು ಎಂಬುದನ್ನು ತಿಳಿದವರು ಅಷ್ಟು ಮಂದಿಯಿಲ್ಲ. ಬದುಕಿದ್ದುದು ಕೇವಲ 44 ವರ್ಷ. ಅದರಲ್ಲಿ ಕೊನೆಯ 20 ವರ್ಷಗಳನ್ನು ಕ್ಷಯರೋಗವು ಹಿಂಬಾಲಿಸಿತು. ಅಷ್ಟರಲ್ಲಿಯೇ ಆತನು ಸಣ್ಣಕಥೆಯ ಸ್ವರೂಪವನ್ನೇ ಬದಲಾಯಿಸಿದನು.

ಚೆಕಾವನು 1860ರ ಜನವರಿಯಲ್ಲಿ ಅಜೋವ್ ಸಮುದ್ರದ ದಡದ ತಗನ್‌ರೋಗ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದನು. ಆತನ ತಾತನು ಜಮೀನುದಾರನ ಸೊತ್ತೆಂದು ಎಣಿಸಲ್ಪಡುತ್ತಿದ್ದ ಜೀತದ ಒಕ್ಕಲು. ಕೂಡಿಟ್ಟ ಹಣವನ್ನು ತೆತ್ತು 1841ರಲ್ಲಿ ತನ್ನ ಸಂಸಾರವನ್ನು ಬಿಡಿಸಿಕೊಂಡವನು. ತಂದೆಯು ಕಿರಾಣಿ ಅಂಗಡಿಯ ವ್ಯಾಪಾರಿ. ದೇವಭಕ್ತಿಯಲ್ಲಿಯೂ ಮಕ್ಕಳನ್ನು ಹೊಡೆಯುವುದರಲ್ಲಿಯೂ ಒಂದೇ ಬಗೆಯ ನಿಷ್ಠೆಯುಳ್ಳವನು. 1876ರಲ್ಲಿ ಅಂಗಡಿಯು ದಿವಾಳಿಯಾಗಲು, ತಂದೆಯು ಸಾಲಗಾರರಿಗೆ ಹೆದರಿ ಮಾಸ್ಕೋ ನಗರಕ್ಕೆ ಓಡಿಹೋದನು. ಉಳಿದವರೂ ಅವನನ್ನು ಹಿಂಬಾಲಿಸಿದರು. ಶಾಲೆಯನ್ನು ಮುಗಿಸಬೇಕಾಗಿದ್ದ 16 ವರ್ಷದ ಆಂಟನನು ಒಬ್ಬನೇ ಊರಲ್ಲಿ ಉಳಿದು, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡನು. 1879ರಲ್ಲಿ ಆತನು ಮಾಸ್ಕೋ ವಿಶ್ವವಿದ್ಯಾಲಯದ ವೈದ್ಯಶಾಖೆಯನ್ನು ಸೇರಿದಾಗ, ಮನೆಯ ಯಜಮಾನಿಕೆಯು ತಾನಾಗಿಯೇ ಆತನ ಹೆಗಲ ಮೇಲೆ ಬಿದ್ದಿತು.

ಆತನು ಲೇಖನಿಯನ್ನು ಹಿಡಿದದ್ದು ಕೀರ್ತಿಗಾಗಿ ಅಲ್ಲ, ಮನೆಯ ಬಾಡಿಗೆಗಾಗಿ. 1880ರಿಂದ ಆತನ ನಗೆಬರಹಗಳು ವಿನೋದಪತ್ರಿಕೆಗಳಲ್ಲಿ ಬರತೊಡಗಿದವು. 1882ರಲ್ಲಿ ಲೇಕಿನ್ ಎಂಬ ಸಂಪಾದಕನು ಆತನನ್ನು ಪೀಟರ್ಸ್‌ಬರ್ಗಿನ ತನ್ನ ವಾರಪತ್ರಿಕೆಗೆ ಕರೆದುಕೊಂಡನು. ಅಲ್ಲಿ ಸಾಲಿಗೆ 8 ಕೊಪೆಕ್ ಸಂಭಾವನೆ. ಕಥೆಯು ಸುಮಾರು 100 ಸಾಲುಗಳನ್ನು ಮೀರಕೂಡದೆಂಬ ಕಟ್ಟಳೆ. ಈ ಕಟ್ಟಳೆಯನ್ನು ಚೆಕಾವನು ಗೊಣಗುತ್ತಲೇ ಪಾಲಿಸಿದನು. ಆದರೆ ಅದು ಆತನಿಗೆ ದೊರೆತ ಮೊದಲನೆಯ ಪಾಠಶಾಲೆಯಾಯಿತೆಂದು ನಮಗೆ ತೋರುತ್ತದೆ. 100 ಸಾಲಿನಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಮಾತಾಡಿಸಿ, ಬೀಳ್ಕೊಡಬೇಕಾದವನಿಗೆ ಪೀಠಿಕೆಯನ್ನು ಬರೆಯಲು ಸ್ಥಳವೆಲ್ಲಿಯದು? ವಂಶಾವಳಿ, ಋತುವರ್ಣನೆ, ನೀತಿಬೋಧೆ ಇವೆಲ್ಲವೂ ತಾವಾಗಿಯೇ ಉದುರಿಹೋದವು. ಉಳಿದದ್ದು ಒಂದು ಸಂದರ್ಭ, ಎರಡು ಮಾತು, ಒಂದು ಹಾವಭಾವ. ಸಾಮಾನ್ಯ ಗುಮಾಸ್ತ, ಗಾಡಿ ಹೊಡೆಯುವವ, ಊರ ಪೊಲೀಸಿನವ ಮುಂತಾದವರ ಪೂರ್ಣಚಿತ್ರವು ಇಷ್ಟರಲ್ಲಿಯೇ ಮೂಡಬಲ್ಲದೆಂಬುದನ್ನು ಆತನು ಹಸಿವಿನ ಒತ್ತಾಯದಿಂದ ಕಂಡುಕೊಂಡನು.

ಆದರೆ ಇದರಲ್ಲಿ ಅಪಾಯವೂ ಇತ್ತು. ಒಂದೊಂದು ವರ್ಷದಲ್ಲಿ 100ಕ್ಕೂ ಹೆಚ್ಚು ಬರಹಗಳನ್ನು ಹೊರಡಿಸಿದ ಕಾಲವದು. ಕೋಣೆಯಲ್ಲಿ ನೆಂಟರ ಗದ್ದಲ, ಪಕ್ಕದಲ್ಲಿ ವೈದ್ಯಗ್ರಂಥಗಳು, ಬಾಗಿಲಲ್ಲಿ ರೋಗಿಗಳು. ಇವುಗಳ ನಡುವೆ ಬರೆದದ್ದನ್ನು ತಿರುಗಿ ನೋಡದೆ ಅಂಚೆಗೆ ಹಾಕುವುದು ಆತನಿಗೆ ಅಭ್ಯಾಸವಾಗಿಹೋಗಿತ್ತು. ತನ್ನ ನಿಜನಾಮವನ್ನು ವೈದ್ಯಶಾಸ್ತ್ರದ ಲೇಖನಗಳಿಗೆ ಮೀಸಲಿಟ್ಟು, ಕಥೆಗಳಿಗೆ ಅಂತೋಷಾ ಚೆಕೊಂತೆ ಎಂಬ ಹಾಸ್ಯದ ಅಂಕಿತವನ್ನು ಹಾಕುತ್ತಿದ್ದನು. ತಾನು ಬರೆಯುವುದನ್ನು ತಾನೇ ಗೌರವಿಸುತ್ತಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ. 1884ರಲ್ಲಿ ವೈದ್ಯಪದವಿಯು ಕೈಗೆ ಬಂದಿತು. ಅದೇ ವರ್ಷದ ಕೊನೆಯಲ್ಲಿ ಮೊದಲ ಸಲ ಬಾಯಿಯಿಂದ ರಕ್ತವೂ ಬಂದಿತು. ಹೀಗೆಯೇ ಸಾಗಿದ್ದರೆ, ಕೆಲವು ವರ್ಷಗಳ ಕಾಲ ಜನರನ್ನು ನಗಿಸಿ ಮರೆತುಹೋದ ಅನೇಕ ವಿನೋದಕಾರರ ಸಾಲಿನಲ್ಲಿ ಚೆಕಾವನೂ ಸೇರಿಹೋಗುತ್ತಿದ್ದನು.

ಹಾಗಾಗದಂತೆ ತಡೆದದ್ದು ಒಂದು ಕಾಗದ. 1886ರ ಮಾರ್ಚ್ ತಿಂಗಳಲ್ಲಿ ಡಿಮಿಟ್ರಿ ಗ್ರಿಗರೋವಿಚ್ ಎಂಬ ವೃದ್ಧ ಕಾದಂಬರಿಕಾರರು, ತಮಗೆ ಪರಿಚಯವೇ ಇಲ್ಲದ ಈ ತರುಣನಿಗೆ ತಾವಾಗಿಯೇ ಪತ್ರ ಬರೆದರು. ಅವರು ದಿನಪತ್ರಿಕೆಯೊಂದರಲ್ಲಿ ಆತನ ‘ಬೇಟೆಗಾರ’ ಎಂಬ ಸಣ್ಣಕಥೆಯನ್ನು ಓದಿ ಬೆರಗಾಗಿದ್ದರು. ಆತನಿಗೆ ನಿಜವಾದ ಪ್ರತಿಭೆಯಿರುವುದೆಂದೂ, ಅದು ಆತನನ್ನು ಹೊಸ ಪೀಳಿಗೆಯ ಬರಹಗಾರರಲ್ಲಿ ಮುಂದಿನ ಸಾಲಿಗೆ ತರುವುದೆಂದೂ ಹೇಳಿ, ಅಷ್ಟಕ್ಕೇ ನಿಲ್ಲಿಸದೆ ಗದರಿಸಿಯೂ ಇದ್ದರು: ಗಡುವಿಗಾಗಿ ಆತುರದಿಂದ ಬರೆಯುವುದನ್ನು ನಿಲ್ಲಿಸಬೇಕು, ಹಣದ ಅಡಚಣೆಯಾದರೆ ತಮ್ಮ ಪೀಳಿಗೆಯವರು ಉಪವಾಸವಿದ್ದಂತೆ ಆತನೂ ಉಪವಾಸವಿರಲಿ, ಕಂಡದ್ದನ್ನು, ಅನಿಸಿದ್ದನ್ನು ಕೂಡಿಟ್ಟುಕೊಂಡು, ಚೆನ್ನಾಗಿ ಆಲೋಚಿಸಿ, ತಿದ್ದಿದ ಬರಹಕ್ಕೆ ಉಪಯೋಗಿಸಲಿ, ತನ್ನ ನಿಜವಾದ ಹೆಸರನ್ನು ಹಾಕಲಿ.

ಈ ಗ್ರಿಗರೋವಿಚ್ ಮಹಾಶಯರ ವಿಷಯದಲ್ಲಿ ವಾಚಕರು ಇನ್ನೊಂದು ಸಂಗತಿಯನ್ನು ಅರಿಯತಕ್ಕದ್ದು. 1845ರಲ್ಲಿ ಅವರು ಪೀಟರ್ಸ್‌ಬರ್ಗಿನಲ್ಲಿ ದಾಸ್ತೊಯೆವ್‌ಸ್ಕಿಯೊಡನೆ ಒಂದೇ ಬಿಡಾರದಲ್ಲಿದ್ದರು. ಯಾರೂ ಅರಿಯದ ಆ ತರುಣನು ತನ್ನ ಮೊದಲ ಕಾದಂಬರಿಯಾದ ‘ಬಡಜನರು’ ಎಂಬುದನ್ನು ಅವರಿಗೆ ಓದಿ ಹೇಳಿದನು. ಗ್ರಿಗರೋವಿಚ್ ಅವರು ಹಸ್ತಪ್ರತಿಯನ್ನು ಕಸಿದುಕೊಂಡಂತೆ ತೆಗೆದುಕೊಂಡು ಕವಿ ನೆಕ್ರಾಸೋವನ ಬಳಿಗೆ ಒಯ್ದರು. ಇಬ್ಬರೂ ರಾತ್ರಿಯೆಲ್ಲ ಕುಳಿತು ಓದಿ, ಬೆಳಗಿನ ಜಾವದಲ್ಲಿಯೇ ದಾಸ್ತೊಯೆವ್‌ಸ್ಕಿಯನ್ನು ಎಬ್ಬಿಸಿ ತಬ್ಬಿಕೊಂಡರು. ಸುಮಾರು 40 ವರ್ಷಗಳ ತರುವಾಯ ಅದೇ ವ್ಯಕ್ತಿಯು ಚೆಕಾವನನ್ನೂ ಗುರುತಿಸಿದರು. ಅವರ ಸ್ವಂತ ಕಾದಂಬರಿಗಳನ್ನು ಇಂದು ಓದುವವರು ಕಡಮೆ. ಆದರೆ ಬೇರೊಬ್ಬನ ಬರಹವನ್ನು ಪ್ರಾಮಾಣಿಕವಾಗಿ ಓದುವ ಗುಣವೊಂದರಿಂದಲೇ ಒಬ್ಬ ಮನುಷ್ಯನು ತನ್ನ ದೇಶದ ಸಾಹಿತ್ಯಕ್ಕೆ ಎಷ್ಟು ಉಪಕಾರವನ್ನು ಮಾಡಬಲ್ಲನೆಂಬುದಕ್ಕೆ ಅವರು ಉದಾಹರಣೆಯಾಗಿ ಉಳಿದಿದ್ದಾರೆ.

ಆ ಕಾಗದವು ಚೆಕಾವನನ್ನು ಸಿಡಿಲಿನಂತೆ ಬಡಿಯಿತು. ಉತ್ತರದಲ್ಲಿ ಆತನು ತನ್ನ ತಪ್ಪನ್ನು ಮುಚ್ಚಿಡಲಿಲ್ಲ. ಒಂದು ಕಥೆಗೆ ಒಂದು ದಿನಕ್ಕಿಂತ ಹೆಚ್ಚು ಶ್ರಮಪಟ್ಟದ್ದು ತನಗೆ ನೆನಪಿಲ್ಲವೆಂದೂ, ಮೆಚ್ಚುಗೆ ಪಡೆದ ‘ಬೇಟೆಗಾರ’ನನ್ನು ಸ್ನಾನಗೃಹದಲ್ಲಿ ಕುಳಿತು ಬರೆದೆನೆಂದೂ ಒಪ್ಪಿಕೊಂಡನು. ತನ್ನ ಸುತ್ತಲಿನ ಸ್ನೇಹಿತರು ತನ್ನ ಬರಹವನ್ನು ಹಗುರವಾಗಿ ಕಂಡದ್ದರಿಂದ, ತಾನೂ ಹಾಗೆಯೇ ಕಾಣಲು ಕಲಿತೆನೆಂಬುದು ಆತನ ಸಮಾಧಾನ. ಇಲ್ಲಿ ಒಂದು ಸೂಕ್ಷ್ಮವಿದೆ. ಮುಖಸ್ತುತಿಯಂತೆಯೇ ಉದಾಸೀನವೂ ಬರಹಗಾರನನ್ನು ಕೆಡಿಸುತ್ತದೆ. ಎರಡಕ್ಕೂ ಔಷಧವೆಂದರೆ, ಗುಣವನ್ನು ಗುಣವೆಂದೂ ದೋಷವನ್ನು ದೋಷವೆಂದೂ ಹೇಳಬಲ್ಲ ಒಬ್ಬನೇ ಒಬ್ಬ ಓದುಗನು.

ಪಶ್ಚಾತ್ತಾಪವು ಕಾಗದದಲ್ಲಿಯೇ ಉಳಿಯಲಿಲ್ಲ. 1886ರಲ್ಲಿ 100ಕ್ಕೂ ಮೇಲ್ಪಟ್ಟಿದ್ದ ಬರಹಗಳ ಸಂಖ್ಯೆಯು 1888ರಲ್ಲಿ ಹತ್ತು ಹನ್ನೆರಡಕ್ಕೆ ಇಳಿಯಿತು. ಆ ವರ್ಷದ ಮೊದಲ ತಿಂಗಳನ್ನೆಲ್ಲ ಆತನು ‘ಹುಲ್ಲುಗಾವಲು’ ಎಂಬ ಒಂದೇ ನೀಳ್ಗತೆಗೆ ವ್ಯಯಿಸಿದನು. ಉಣ್ಣೆಯ ವ್ಯಾಪಾರಕ್ಕೆ ಹೊರಟವರ ಜೊತೆಯಲ್ಲಿ ಪರಊರಿನ ಶಾಲೆಗೆ ಹೋಗುವ ಒಬ್ಬ ಹುಡುಗ, ಗಾಡಿ, ಬಿಸಿಲು, ಬಯಲು, ಒಂದು ಗುಡುಗುಮಳೆ; ಕಥೆಯಲ್ಲಿ ಇದಕ್ಕಿಂತ ಹೆಚ್ಚಿನ ಘಟನೆಯಿಲ್ಲ. ಆದರೂ ಅದು ವಿನೋದಪತ್ರಿಕೆಗಳ ಬರಹಗಾರನನ್ನು ಪ್ರೌಢ ಮಾಸಪತ್ರಿಕೆಯ ಅಂಗಳಕ್ಕೆ ಕರೆತಂದಿತು. ಅದೇ ವರ್ಷ ಆತನ ‘ಮುಸ್ಸಂಜೆಯಲ್ಲಿ’ ಎಂಬ ಸಂಕಲನಕ್ಕೆ ರಶಿಯಾದ ವಿದ್ವತ್ಸಂಸ್ಥೆಯು ಪುಷ್ಕಿನ್ ಪಾರಿತೋಷಕದ ಅರ್ಧಭಾಗವಾದ 500 ರೂಬಲ್‌ಗಳನ್ನು ಕೊಟ್ಟಿತು.

ತಾನು ಪಡೆದದ್ದನ್ನು ಚೆಕಾವನು ಕೂಡಲೇ ಹಂಚತೊಡಗಿದನು. ಗ್ರಿಗರೋವಿಚ್ ಅವರ ಕಾಗದ ಬಂದ ಕೆಲವೇ ವಾರಗಳಲ್ಲಿ, ಕಥೆ ಬರೆಯುತ್ತಿದ್ದ ತನ್ನ ಅಣ್ಣ ಅಲೆಕ್ಸಾಂಡರನಿಗೆ ಆರು ಸೂತ್ರಗಳನ್ನು ಬರೆದು ಕಳುಹಿಸಿದನು. ರಾಜಕೀಯ, ಸಾಮಾಜಿಕ, ಆರ್ಥಿಕ ಉಪನ್ಯಾಸಗಳು ಕಥೆಯಲ್ಲಿ ಬೇಡ, ಪಕ್ಷಪಾತ ಬೇಡ, ಮನುಷ್ಯರನ್ನೂ ವಸ್ತುಗಳನ್ನೂ ಇದ್ದಂತೆ ಬಣ್ಣಿಸು, ಸಾಧ್ಯವಾದಷ್ಟು ಚಿಕ್ಕದಾಗಿ ಬರೆ, ಸವೆದ ದಾರಿಯನ್ನು ಬಿಟ್ಟು ಧೈರ್ಯದಿಂದ ನಡೆ, ಹೃದಯದಲ್ಲಿ ಕನಿಕರವಿರಲಿ ಎಂಬುದು ಅವುಗಳ ತಾತ್ಪರ್ಯ. ಬೆಳದಿಂಗಳನ್ನು ವರ್ಣಿಸಬೇಕಾದರೆ ಚಂದ್ರನನ್ನೂ ನಕ್ಷತ್ರಗಳನ್ನೂ ಹೊಗಳುತ್ತ ಕೂಡಬೇಡ, ಗಿರಣಿಯ ಒಡ್ಡಿನ ಮೇಲೆ ಬಿದ್ದ ಒಡೆದ ಸೀಸೆಯ ಚೂರೊಂದು ಮಿನುಗಿದ್ದನ್ನು ತೋರಿಸಿದರೆ ಸಾಕೆಂದು ಉದಾಹರಣೆಯನ್ನೂ ಕೊಟ್ಟನು. ಇದು ಬರಿಯ ಉಪದೇಶವಲ್ಲ. ಅದೇ ವರ್ಷ ತನ್ನದೊಂದು ಕಥೆಯಲ್ಲಿ ಈ ಗಾಜಿನ ಚೂರನ್ನು ಆತನೇ ಉಪಯೋಗಿಸಿದ್ದನು.

ಚೆಕಾವನ 4,000ಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅವುಗಳಲ್ಲಿ ಎಷ್ಟೋ ಪತ್ರಗಳು ಇನ್ನೊಬ್ಬರ ಹಸ್ತಪ್ರತಿಯನ್ನು ಓದಿ ಬರೆದವು. 1889ರಲ್ಲಿ ಕ್ರೈಮಿಯಾದ ಯಾಲ್ಟಾ ಪಟ್ಟಣದಲ್ಲಿ ಯೆಲೆನಾ ಶಾವ್ರೊವಾ ಎಂಬ 15 ವರ್ಷದ ಹುಡುಗಿಯು ತನ್ನ ಕಥೆಯೊಂದನ್ನು ಆತನ ಕೈಗಿತ್ತಳು. ಆತನು ನಕ್ಕು ಹಿಂದಿರುಗಿಸದೆ, ಕೂತು ತಿದ್ದಿ, ರಾಜಧಾನಿಯ ದಿನಪತ್ರಿಕೆಗೆ ಕಳುಹಿಸಿ ಅಚ್ಚು ಹಾಕಿಸಿದನು. ಮುಂದೆಯೂ ವರ್ಷಗಳ ಕಾಲ ಆಕೆಯ ಬರಹಗಳನ್ನು ಓದಿ, ದೋಷಗಳನ್ನು ಮುಲಾಜಿಲ್ಲದೆ ಹೇಳಿದನು. ಲಿಡಿಯಾ ಅವಿಲೋವಾ ಎಂಬ ಲೇಖಕಿಗೆ, ಓದುಗನ ಕಣ್ಣಲ್ಲಿ ನೀರು ತರಿಸಬೇಕೆಂದಿದ್ದರೆ ಬರೆಯುವವರು ತಣ್ಣಗಿರಬೇಕೆಂದು ಬೋಧಿಸಿದನು. ಪಾತ್ರಗಳೊಡನೆ ಲೇಖಕಿಯೂ ಅಳತೊಡಗಿದರೆ ದುಃಖಕ್ಕೆ ಹಿನ್ನೆಲೆಯೇ ಇಲ್ಲದಂತಾಗುತ್ತದೆಂಬುದು ಆತನ ಮತ. ಇನ್ನೊಬ್ಬ ತರುಣನಿಗೆ, ಬಳಸದಿರುವ ಬಂದೂಕನ್ನು ರಂಗದ ಮೇಲೆ ತಂದಿಡಬಾರದೆಂದು ಬರೆದನು. ಕಥೆಯನ್ನು ಬರೆದು ಮುಗಿಸಿದ ಮೇಲೆ ಅದರ ಆರಂಭವನ್ನೂ ಮುಕ್ತಾಯವನ್ನೂ ಹೊಡೆದುಹಾಕಿರಿ, ನಾವು ಕಥೆಗಾರರು ಹೆಚ್ಚಾಗಿ ಸುಳ್ಳು ಹೇಳುವುದು ಅಲ್ಲಿಯೇ, ಎಂಬರ್ಥದ ಮಾತನ್ನು ಆತನು ಆಡಿದ್ದನ್ನು ಕಿರಿಯ ಮಿತ್ರನಾದ ಇವಾನ್ ಬೂನಿನ್ ದಾಖಲೆ ಮಾಡಿದ್ದಾನೆ.

ಮ್ಯಾಕ್ಸಿಂ ಗಾರ್ಕಿಯೊಡನೆ ನಡೆದ ಪತ್ರವ್ಯವಹಾರವು ಇನ್ನೂ ಸ್ವಾರಸ್ಯವಾದುದು. 1898ರಲ್ಲಿ ಗಾರ್ಕಿಯು ತನ್ನ ಕಥೆಗಳನ್ನು ಕಳುಹಿಸಿ ಅಭಿಪ್ರಾಯವನ್ನು ಬೇಡಿದಾಗ, ಚೆಕಾವನು ಮೊದಲು ಆತನ ಶಕ್ತಿಯನ್ನು ಮನಸಾರೆ ಹೊಗಳಿದನು. ಅನಂತರ ಕೊರತೆಯನ್ನು ತೋರಿಸಿದನು. ಗಾರ್ಕಿಯಲ್ಲಿ ಸಂಯಮವಿಲ್ಲವೆಂದೂ, ನಾಟಕಶಾಲೆಯಲ್ಲಿ ಕುಳಿತು ತನ್ನ ಸಂತೋಷವನ್ನು ಗಟ್ಟಿಯಾಗಿ ಪ್ರಕಟಿಸುತ್ತ ತಾನೂ ಕೇಳದೆ ಇತರರಿಗೂ ಕೇಳಗೊಡದ ಪ್ರೇಕ್ಷಕನಂತೆ ಆತನು ನಡೆದುಕೊಳ್ಳುತ್ತಿದ್ದಾನೆಂದೂ ತಿಳಿಸಿದನು. ಸಮುದ್ರವು ಉಸಿರಾಡುವುದು, ಆಕಾಶವು ನೋಡುವುದು ಮುಂತಾದ ಅಲಂಕಾರಗಳು ಪದೇಪದೇ ಬಂದರೆ ವರ್ಣನೆಯು ಸಪ್ಪೆಯಾಗುವುದೆಂದೂ, ಸರಳವಾದ ವಾಕ್ಯವೇ ಚೆಲುವೆಂದೂ ವಿವರಿಸಿದನು. ಮುಂದಿನ ವರ್ಷದ ಇನ್ನೊಂದು ಪತ್ರದಲ್ಲಿ, ಕರಡಚ್ಚನ್ನು ತಿದ್ದುವಾಗ ವಿಶೇಷಣಗಳನ್ನು ಸಾಧ್ಯವಾದಷ್ಟು ತೆಗೆದುಹಾಕೆಂದನು. ಮನುಷ್ಯನು ಹುಲ್ಲಿನ ಮೇಲೆ ಕುಳಿತನೆಂದರೆ ಓದುಗನಿಗೆ ಕೂಡಲೇ ಕಾಣುತ್ತದೆ. ಅವನ ಎತ್ತರ, ಎದೆ, ಗಡ್ಡ, ಹುಲ್ಲಿನ ಬಣ್ಣ, ಅವನ ಅಂಜಿಕೆ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ತುಂಬಿದರೆ ಏನೂ ಕಾಣುವುದಿಲ್ಲ. ಈ ಪತ್ರಗಳನ್ನು ಬರೆದಾಗ ಚೆಕಾವನು ಮರಣವನ್ನು ಎದುರಿಗೆ ಕಾಣುತ್ತಿದ್ದ ರೋಗಿ. ಉಳಿದಿದ್ದ ಗಂಟೆಗಳನ್ನು ತನ್ನ ಕಥೆಗಳಿಗೇ ಇಟ್ಟುಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಇದನ್ನೆಲ್ಲ ಓದಿ, ಚೆಕಾವನ ಶಾಸ್ತ್ರವು ವಾಕ್ಯಗಳನ್ನು ಕತ್ತರಿಸುವ ಕತ್ತರಿ ಮಾತ್ರವೆಂದು ಯಾರೂ ತಿಳಿಯಬಾರದು. ಕಣ್ಣಾರೆ ಕಾಣದುದನ್ನು ಬರೆಯಬಾರದೆಂಬುದು ಆತನ ಇನ್ನೊಂದು ನಿಯಮ. 1890ರಲ್ಲಿ, ರೋಗಿಷ್ಠನಾಗಿದ್ದರೂ, ರೈಲುಮಾರ್ಗವಿಲ್ಲದ ಸೈಬೀರಿಯಾವನ್ನು ಗಾಡಿಗಳಲ್ಲಿಯೂ ದೋಣಿಗಳಲ್ಲಿಯೂ ದಾಟಿ, ರಶಿಯಾದ ಪೂರ್ವದ ತುದಿಯಲ್ಲಿದ್ದ ಸಖಲೀನ್ ಎಂಬ ಕೈದಿಗಳ ದ್ವೀಪವನ್ನು ತಲುಪಿದನು. ಅಲ್ಲಿ ಮೂರು ತಿಂಗಳು ನಿಂತು, ಸುಮಾರು 10,000 ಕೈದಿಗಳ ಮತ್ತು ನೆಲಸಿಗರ ವಿವರಗಳನ್ನು ಚೀಟಿಗಳ ಮೇಲೆ ತಾನೇ ಬರೆದುಕೊಂಡನು. ಹಾಂಗ್‌ಕಾಂಗ್, ಸಿಂಗಪುರ, ಕೊಲಂಬೋ ಮಾರ್ಗವಾಗಿ ಹಡಗಿನಲ್ಲಿ ಹಿಂದಿರುಗುವಾಗ ಸತ್ತವರನ್ನು ಸಮುದ್ರಕ್ಕೆ ಇಳಿಸಿದ್ದನ್ನು ನೋಡಿ ‘ಗೂಸೆವ್’ ಎಂಬ ಕಥೆಯನ್ನು ಬರೆದನು. ಸಖಲೀನಿನ ವರದಿಯು 1895ರಲ್ಲಿ ಪುಸ್ತಕವಾಗಿ ಹೊರಬಿದ್ದಿತು. 1892ರಲ್ಲಿ ಮಾಸ್ಕೋ ಬಳಿಯ ಮೆಲಿಖೊವೊ ಎಂಬಲ್ಲಿ ಜಮೀನು ಕೊಂಡು ನೆಲಸಿದಾಗಲೂ, ಕಾಲರಾ ನಿವಾರಣೆಗಾಗಿ 25 ಹಳ್ಳಿಗಳ ಹೊಣೆಯನ್ನು ಹೊತ್ತನು. ಮೂರು ಶಾಲೆಗಳನ್ನು ಕಟ್ಟಿಸಿದನು. 1897ರ ‘ರೈತರು’ ಎಂಬ ಕಥೆಯಲ್ಲಿ ಹಳ್ಳಿಯ ದಾರಿದ್ರ್ಯವು ಅಷ್ಟು ನಿಖರವಾಗಿ ಮೂಡಲು ಈ ಅಲೆದಾಟವೇ ಕಾರಣ.

ಆತನು ಸಮಸ್ಯೆಗಳಿಗೆ ಪರಿಹಾರವನ್ನು ಹೇಳುವುದಿಲ್ಲವೆಂದು ಅಂದಿನ ವಿಮರ್ಶಕರು ದೂರುತ್ತಿದ್ದರು. ಪ್ರಶ್ನೆಯನ್ನು ಸರಿಯಾಗಿ ಮುಂದಿಡುವುದು ಬೇರೆ, ಅದನ್ನು ಬಿಡಿಸುವುದು ಬೇರೆ; ಕಥೆಗಾರನ ಕರ್ತವ್ಯವು ಮೊದಲನೆಯದು ಮಾತ್ರವೆಂದು ಆತನು ತನ್ನ ಪ್ರಕಾಶಕನಾದ ಸುವೋರಿನನಿಗೆ 1888ರಲ್ಲಿ ಬರೆದನು. ಸಾಕ್ಷಿಯನ್ನು ನೇರವಾಗಿ ಮಂಡಿಸುವುದು ಲೇಖಕನ ಕೆಲಸ, ತೀರ್ಪನ್ನು ಕೊಡುವುದು ಪಂಚರಾದ ಓದುಗರ ಕೆಲಸ. ಕುದುರೆಗಳ್ಳರ ಕಥೆಯನ್ನು ಬರೆದಾಗ, ಕುದುರೆಯನ್ನು ಕದಿಯುವುದು ಪಾಪವೆಂದು ತಾನು ಹೇಳಬೇಕಾದ ಅಗತ್ಯವಿಲ್ಲ, ಅದು ಲೋಕಕ್ಕೆಲ್ಲ ಗೊತ್ತೆಂಬುದು ಆತನ ನಿಲುವು. ಪುಟಕ್ಕೊಂದು ನೀತಿಯನ್ನು ಅಂಟಿಸುವ ನಮ್ಮ ಕಥೆಗಾರರು ಈ ಮಾತನ್ನು ಮನನ ಮಾಡಬೇಕು.

ಆತನ ನಡತೆಯಲ್ಲಿ ತಪ್ಪೇ ಇರಲಿಲ್ಲವೆಂದು ನಾವು ಸಾಧಿಸುವುದಿಲ್ಲ. 1892ರಲ್ಲಿ ಬಂದ ಕಥೆಯೊಂದರಲ್ಲಿ, ತನ್ನ ಆಪ್ತಮಿತ್ರನೂ ಪ್ರಸಿದ್ಧ ಚಿತ್ರಕಾರನೂ ಆದ ಲೆವಿಟಾನನ ಮತ್ತು ಆತನ ಸ್ನೇಹಿತೆಯ ಬಾಳನ್ನು ಎಲ್ಲರಿಗೂ ಗುರುತು ಸಿಗುವಂತೆ ಚಿತ್ರಿಸಿಬಿಟ್ಟನು. ಲೆವಿಟಾನನು ಸುಮಾರು ಮೂರು ವರ್ಷ ಮಾತು ಬಿಟ್ಟನು. 1895ರಲ್ಲಿ ಮಿತ್ರರೊಬ್ಬರು ಆತನನ್ನು ಕರೆತಂದ ಮೇಲೆಯೇ ಮುರಿದ ಸ್ನೇಹವು ಕೂಡಿತು. ಪರಿಚಿತರ ಬಾಳು ಕಥೆಗಾರನ ಕಣಜವೆಂಬುದು ನಿಜ; ಆದರೆ ಆ ಕಣಜಕ್ಕೆ ಕೈ ಹಾಕುವವನು ತೆರಬೇಕಾದ ಬೆಲೆಯನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳತಕ್ಕದ್ದು.

ಸೋಲನ್ನು ಆತನು ಹೇಗೆ ಸಹಿಸಿದನೆಂಬುದೂ ಗಮನಾರ್ಹ. 1889ರಲ್ಲಿ ಆತನ ‘ವನದೇವತೆ’ ಎಂಬ ನಾಟಕವನ್ನು ಪೀಟರ್ಸ್‌ಬರ್ಗಿನ ನಾಟಕಸಮಿತಿಯು ತಿರಸ್ಕರಿಸಿತು. ಮಾಸ್ಕೋದಲ್ಲಿ ಆಡಿದಾಗ ಅದು ಬಿದ್ದುಹೋಯಿತು. ಚೆಕಾವನು ಸಮಿತಿಯನ್ನು ನಿಂದಿಸುತ್ತ ಕೂಡಲಿಲ್ಲ. ನಾಟಕವನ್ನು ಹಿಂದಕ್ಕೆ ತೆಗೆದುಕೊಂಡು, ಪಾತ್ರಗಳನ್ನು ಕಡಮೆಮಾಡಿ, ಕೊನೆಯನ್ನು ಬದಲಿಸಿ, ಕೆಲವು ವರ್ಷಗಳ ಮೇಲೆ ‘ವಾನ್ಯಾ ಮಾವ’ ಎಂಬ ಹೆಸರಿನಿಂದ ಹೊರತಂದನು. ಮೊದಲನೆಯದನ್ನು ಇಂದು ವಿದ್ವಾಂಸರು ಮಾತ್ರ ಓದುತ್ತಾರೆ. ಎರಡನೆಯದನ್ನು ಜಗತ್ತೆಲ್ಲ ಆಡುತ್ತಿದೆ. 1896ರಲ್ಲಿ ‘ಸೀಗಲ್’ ನಾಟಕದ ಮೊದಲ ರಾತ್ರಿ ಪ್ರೇಕ್ಷಕರು ನಗಬಾರದೆಡೆ ನಕ್ಕು ಗದ್ದಲವೆಬ್ಬಿಸಿದಾಗ, ಆತನು ನಾಟಕಶಾಲೆಯಿಂದ ಹೊರಬಿದ್ದು ರಾತ್ರಿ ಬಹಳ ಹೊತ್ತಿನವರೆಗೆ ಬೀದಿಗಳಲ್ಲಿ ಅಲೆದನು. ಇನ್ನು ನಾಟಕವನ್ನೇ ಬರೆಯುವುದಿಲ್ಲವೆಂದು ನಿಶ್ಚಯಿಸಿದನು. ಆದರೆ ನೆಮಿರೋವಿಚ್ ಡಾನ್‌ಚೆಂಕೋ ಎಂಬ ಮಿತ್ರನು ಪಟ್ಟುಹಿಡಿದು ಅನುಮತಿ ಪಡೆದು, 1898ರಲ್ಲಿ ಹೊಸದಾಗಿ ಹುಟ್ಟಿದ ಮಾಸ್ಕೋ ಕಲಾ ನಾಟಕಶಾಲೆಯಲ್ಲಿ ಅದನ್ನೇ ಆಡಿಸಿದನು. ಅಪೂರ್ವವಾದ ಜಯವು ದೊರೆಯಿತು. ಒಂದು ಸಭೆಯ ನಗುವೂ ಒಂದು ಸಭೆಯ ಚಪ್ಪಾಳೆಯೂ ಬರಹದ ಕೊನೆಯ ತೀರ್ಪಲ್ಲ. ಆದರೆ ಯಾವ ಸೋಲಿನಲ್ಲಿ ದೋಷವು ಬರಹದ್ದು, ಯಾವ ಸೋಲಿನಲ್ಲಿ ದೋಷವು ಸಭೆಯದು ಎಂಬುದನ್ನು ವಿವೇಚಿಸಲು ಅರಿತ ಮಿತ್ರರು ಬೇಕು.

1897ರಲ್ಲಿ ಮಾಸ್ಕೋದ ಭೋಜನಶಾಲೆಯೊಂದರಲ್ಲಿ ಊಟಕ್ಕೆ ಕುಳಿತಾಗಲೇ ಬಾಯಿಂದ ರಕ್ತವು ಧಾರಾಳವಾಗಿ ಹರಿಯಿತು. ವೈದ್ಯನಾಗಿದ್ದೂ ಅಷ್ಟು ಕಾಲ ತನ್ನ ರೋಗವನ್ನು ಅಲಕ್ಷಿಸಿದವನು ಇನ್ನು ಒಪ್ಪಿಕೊಳ್ಳದೆ ನಿರ್ವಾಹವಿರಲಿಲ್ಲ. ಯಾಲ್ಟಾದ ಬೆಚ್ಚಗಿನ ಕಡಲತೀರಕ್ಕೆ ವಾಸವನ್ನು ಬದಲಾಯಿಸಿದನು. 1899ರಲ್ಲಿ ಮಾರ್ಕ್ಸ್ ಎಂಬ ಪ್ರಕಾಶಕನಿಗೆ ತನ್ನ ಕೃತಿಗಳ ಹಕ್ಕನ್ನು 75,000 ರೂಬಲ್‌ಗಳಿಗೆ ಮಾರಿದನು. ಆಗ ಹಳೆಯ ಪತ್ರಿಕೆಗಳಲ್ಲಿ ಚದರಿಹೋಗಿದ್ದ ನೂರಾರು ಬರಹಗಳನ್ನು ಹುಡುಕಿಸಬೇಕಾಯಿತು. ಈ ಕೆಲಸದಲ್ಲಿ ಹಿಂದೆ ಆತನಿಂದ ಸಲಹೆ ಪಡೆದ ಅವಿಲೋವಾ ನೆರವಾದಳು. ಸಿಕ್ಕಿದ್ದನ್ನೆಲ್ಲ ಆತನು ಹಾಗೆಯೇ ಅಚ್ಚಿಗೆ ಕೊಡಲಿಲ್ಲ. ಬಹಳಷ್ಟನ್ನು ಸಂಗ್ರಹದಿಂದ ಹೊರಗಿಟ್ಟನು. ಉಳಿಸಿಕೊಂಡವುಗಳಲ್ಲಿ ಅನೇಕವನ್ನು ಮೊದಲಿನಿಂದ ತಿದ್ದಿದನು. ಸಾಲಿಗೆ 8 ಕೊಪೆಕ್‌ನಂತೆ ಬರೆದ ತರುಣನ ಕಥೆಗಳಿಗೆ ಮಾಗಿದ ಕಲಾವಿದನೇ ಸಂಪಾದಕನಾದನು. ಗ್ರಿಗರೋವಿಚ್ ಅವರು ಬೇಡಿದ ಎರಡನೆಯ ಓದನ್ನು 13 ವರ್ಷಗಳ ಮೇಲೆ ಪೂರ್ಣವಾಗಿ ಸಲ್ಲಿಸಿದಂತಾಯಿತು.

ಕೊನೆಯ ವರ್ಷಗಳಲ್ಲಿ ಆತನು ಬಹಳ ನಿಧಾನವಾಗಿ ಬರೆದನು. 1899ರ ‘ನಾಯಿಯ ಜೊತೆಗಿನ ಮಹಿಳೆ’, 1902ರ ‘ಬಿಷಪ್’, 1903ರ ‘ಮದುವಣಗಿತ್ತಿ’ ಇವು ಆ ಕಾಲದ ಫಲಗಳು. ಕೊನೆಯದನ್ನು ಕರಡಚ್ಚಿನಲ್ಲಿಯೂ ಮತ್ತೆ ಮತ್ತೆ ಬದಲಿಸಿದನು. 1901ರಲ್ಲಿ ನಟಿ ಓಲ್ಗಾ ಕ್ನಿಪರಳನ್ನು ಮದುವೆಯಾದನು. 1902ರಲ್ಲಿ, ವಿದ್ವತ್ಸಂಸ್ಥೆಗೆ ಚುನಾಯಿತನಾದ ಗಾರ್ಕಿಯ ಸದಸ್ಯತ್ವವನ್ನು ಸರಕಾರವು ರದ್ದುಗೊಳಿಸಿದಾಗ, ಕೊರೊಲೆಂಕೋ ಎಂಬ ಕಥೆಗಾರನ ಜೊತೆಗೂಡಿ ತನ್ನ ಗೌರವಸದಸ್ಯತ್ವಕ್ಕೂ ರಾಜೀನಾಮೆ ಕೊಟ್ಟನು. ಯಾರ ವಿಶೇಷಣಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕೆಂದಿದ್ದನೋ, ಅವನ ಮಾನಕ್ಕೆ ಕುಂದು ಬಂದಾಗ ಅವನ ಪಕ್ಕದಲ್ಲಿ ನಿಂತನು. ಪ್ರಾಮಾಣಿಕ ವಿಮರ್ಶೆಗೂ ಸ್ನೇಹಕ್ಕೂ ವೈರವಿಲ್ಲವೆಂಬುದಕ್ಕೆ ಬೇರೆ ಪ್ರಮಾಣವೇಕೆ? ‘ಚೆರಿ ತೋಪು’ ನಾಟಕವು 1904ರ ಜನವರಿಯಲ್ಲಿ ರಂಗವನ್ನೇರಿತು. ಅದೇ ವರ್ಷದ ಜುಲೈಯಲ್ಲಿ ಚೆಕಾವನು ಜರ್ಮನಿಯ ಬಾಡೆನ್‌ವೈಲರ್ ಎಂಬ ಊರಿನಲ್ಲಿ ತೀರಿಕೊಂಡನು. ಶವವು ಮಾಸ್ಕೋಗೆ ಬಂದದ್ದು ಕಡಲಚಿಪ್ಪಿನ ತಿನಿಸನ್ನು ಸಾಗಿಸುವ ರೈಲುಡಬ್ಬಿಯಲ್ಲಿ. ಇಂಥದೊಂದು ಸಂಗತಿಯು ಬೇರೊಬ್ಬನ ವಿಷಯದಲ್ಲಿ ನಡೆದಿದ್ದರೆ ಆತನು ತನ್ನ ಟಿಪ್ಪಣಿಪುಸ್ತಕದಲ್ಲಿ ತಪ್ಪದೆ ಬರೆದಿಟ್ಟುಕೊಳ್ಳುತ್ತಿದ್ದನು.

ಈ ಜೀವನದಿಂದ ನಮ್ಮ ತರುಣ ಕಥೆಗಾರರು ಗ್ರಹಿಸತಕ್ಕದ್ದು ಕಷ್ಟವಾದುದಲ್ಲ. ಬರೆದ ಕಥೆಯನ್ನು ಕೆಲವು ದಿನ ಪೆಟ್ಟಿಗೆಯಲ್ಲಿಡಿರಿ. ಹೊರತೆಗೆದಾಗ ಮೊದಲ ಪುಟವಿಲ್ಲದೆ ಕಥೆಯು ನಿಲ್ಲುವುದೋ ಎಂದು ಪರೀಕ್ಷಿಸಿರಿ, ಬಹುಮಟ್ಟಿಗೆ ನಿಲ್ಲುವುದು. ಹೊಗಳುವ ಹತ್ತು ಮಂದಿಗೆ ತೋರಿಸುವುದಕ್ಕಿಂತ, ನಿಜ ಹೇಳುವ ಒಬ್ಬರಿಗೆ ತೋರಿಸಿರಿ. ಅವರು ಹೇಳಿದ್ದನ್ನು ಒಂದು ರಾತ್ರಿ ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಉತ್ತರ ಕೊಡಿರಿ. ಇನ್ನೊಬ್ಬರ ಬರಹವು ನಿಮ್ಮ ಕೈಗೆ ಬಂದಾಗ, ಮೊದಲು ಅದರ ಶಕ್ತಿಯನ್ನು ಗುರುತಿಸಿ, ಬಳಿಕ ಇಂತಹ ವಾಕ್ಯದಲ್ಲಿ ಇಂತಹ ದೋಷವೆಂದು ಬೆರಳಿಟ್ಟು ತೋರಿಸಿರಿ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ.

ಹಿರಿಯರಲ್ಲಿಯೂ, ಅಧಿಕಾರದಲ್ಲಿದ್ದು ಬಿಡುವಿನಲ್ಲಿ ಓದುವ ರಸಿಕರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಎಲ್ಲಿಯೋ ಒಂದು ಸಣ್ಣಕಥೆಯನ್ನು ಓದಿ ನೀವು ಬೆರಗಾದರೆ, ಆ ಬೆರಗನ್ನು ನಿಮ್ಮಲ್ಲಿಯೇ ಉಳಿಸಿಕೊಳ್ಳಬೇಡಿರಿ. ಬರೆದವನ ಪರಿಚಯವಿಲ್ಲವೆಂಬ ಸಂಕೋಚ ಬೇಡ; ಗ್ರಿಗರೋವಿಚ್ ಅವರಿಗೂ ಇರಲಿಲ್ಲ. ಗುಣದೋಷಗಳೆರಡನ್ನೂ ತಿಳಿಸಿ ಎರಡು ಪುಟದ ಕಾಗದವನ್ನು ಬರೆಯಿರಿ. ಹಿಂದಕ್ಕೆ ಕಳುಹಿಸುವ ಕಥೆಗಳೊಡನೆ ಒಂದೆರಡು ಸಾಲಿನ ಕಾರಣವನ್ನಾದರೂ ಬರೆಯುವ ವ್ರತವನ್ನು ನಾವೂ ಇಂದಿನಿಂದ ಕೈಕೊಳ್ಳುತ್ತೇವೆ.